ಬಟನ್ ಇನ್ನೂ ಇತ್ತಲ್ಲ ಅಣ್ಣಾ?



ಹೋದ ವಾರ ಬೈಕಿನ ಹಿಂದಿನ ಟೈರ್ ಬದಲಾಯಿಸಿದೆ. ನಮ್ಮ ತಮ್ಮನೊಬ್ಬ ಕೇಳಿದ, "ಬಟನ್ ಇನ್ನೂ ಇತ್ತಲ್ಲ ಅಣ್ಣಾ, ದುಡ್ಡು ಜಾಸ್ತಿ ಆಯ್ತಾ?"

ಇತ್ತು, ಅಂಚಲ್ಲಿ. ನಡುವೆ ಹಲಗೆ ಥರ ಚಪ್ಪಟೆ. ನನ್ನ ಓಡಾಟವೆಲ್ಲ ಹೈವೇಲಿ, ನೇರ ರಸ್ತೆ. ನಡುಭಾಗವೇ ಸವೆಯೋದು. ಅದಕ್ಕೇ ಎಷ್ಟೋ ಸ್ಪೋರ್ಟ್ ಟೂರಿಂಗ್ ಟೈರ್‌ಗಳಲ್ಲಿ ನಡುವೆ ಗಟ್ಟಿ ರಬ್ಬರು, ಅಂಚಿಗೆ ಮೆತ್ತಂದು ಹಾಕಿರ್ತಾರೆ. ಗಟ್ಟಿಯದ್ದು ಬಾಳಿಕೆ ಬರುತ್ತೆ, ಮೆತ್ತಂದು ವಾಲಿದಾಗ ರಸ್ತೆ ಹಿಡಿಯುತ್ತೆ.

ಎರಡು ವರ್ಷದ ಹಿಂದೆ, ಮಳೆಗಾಲ. ಒಂದು ಹಳ್ಳೀಲಿ ನಮ್ಮ ಹುಡುಗನಿಗೆ ಹೊಡೆದಿದ್ರು, ಎಫ್‌ಐಆರ್ ಆಗಿರ್ಲಿಲ್ಲ. ರಾತ್ರೀನೇ ಹೊರಟೆ. 'ಇನ್ನೊಂದು ಸಾವಿರ ಕಿಲೋಮೀಟರ್ ಓಡ್ಲಿ' ಅಂತ ಉಳಿಸ್ಕೊಂಡಿದ್ದ ಟೈರು. ನೀರು ಹೊರಹಾಕೋ ಗೀರುಗಳೇ ನಡುವೆ ಉಳಿದಿರಲಿಲ್ಲ. ತಿರುವಲ್ಲಿ ಬ್ರೇಕ್ ಒತ್ತಿದೆ, ಹಿಂದಿನ ಚಕ್ರ ಜಾರಿತು.

ಮೊಣಕೈ ವಾಸಿ ಆಯ್ತು. ಆದ್ರೆ ನಾನು ಠಾಣೆ ಮುಟ್ಟೋದ್ರೊಳಗೆ ಆ ಹುಡುಗನ ಅವ್ವನ ಕೈಲಿ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಯಾಗಿತ್ತು. ಅವ್ವ ನನ್ನ ಮುಖ ನೋಡಲಿಲ್ಲ.

ಈ ಸಲ ಅಂಗಡಿಯವನು ತೋರಿಸಿದ ಮೊದಲ ಟೈರಿನ ಪಕ್ಕದಲ್ಲಿ 2319 ಅಂತಿತ್ತು. ಅಂದ್ರೆ 2019ರ 23ನೇ ವಾರ ತಯಾರಾದದ್ದು. ಬಟನ್ ಹೊಸದೇ, ರಬ್ಬರಿಗೆ ವಯಸ್ಸಾಗಿ ಗಡಸಾಗಿರುತ್ತೆ. ಬೇಡ ಅಂದೆ. ಈ ನಾಲ್ಕು ಅಂಕಿ ನೋಡದೆ ತಗೋಬೇಡಿ.

ಹೊಸ ಟೈರು ಮೊದಮೊದಲು ಜಾರುತ್ತೆ, ನಿಧಾನ ಓಡಿಸ್ತಿದೀನಿ. ಭಾನುವಾರ ಅದೇ ಹಳ್ಳಿಗೆ ಹೋಗ್ತೀನಿ. ಹಿಂದಿನ ಸೀಟು ಖಾಲಿ ಇದೆ, ಯಾರಾದ್ರೂ ಬರ್ತೀರಾ?