ಮುಂದೆ ಕಳಿಸಿದ ಕೈ

ಹರಿಹರ ತಾಲ್ಲೂಕಿನ ಕೊಕ್ಕನೂರು ಆಂಜನೇಯಸ್ವಾಮಿಯ ಗುಡಿಯಿಂದಾಗಿ ಸುತ್ತಣ ಊರುಗಳಲ್ಲಿ ಹೆಸರಾದ ಗ್ರಾಮ. ಆ ಊರಿನ ನಿವೃತ್ತ ಶಿಕ್ಷಕರೊಬ್ಬರಿಗೆ, ದಾವಣಗೆರೆಯಲ್ಲಿ ನೌಕರಿಯಲ್ಲಿದ್ದ ಮಗ ಸ್ಮಾರ್ಟ್‌ಫೋನ್ ತಂದುಕೊಟ್ಟದ್ದು 2017ರ ದೀಪಾವಳಿಗೆ. ಬಹುಕಾಲ ಸೀಮೆಸುಣ್ಣ ಹಿಡಿದ ಬೆರಳಿಗೆ ಗಾಜಿನ ಮೇಲೆ ಬರೆಯುವುದು ಮೊದಮೊದಲು ಒಗ್ಗಲಿಲ್ಲ. ಆದರೆ ಆರು ತಿಂಗಳು ತುಂಬುವುದರೊಳಗೆ ಮೇಷ್ಟ್ರು ನಾಲ್ಕು ವಾಟ್ಸಾಪ್ ಗ್ರೂಪುಗಳ ಸದಸ್ಯರಾಗಿದ್ದರು. ನೆಂಟರದೊಂದು, ನಿವೃತ್ತ ಶಿಕ್ಷಕರದೊಂದು, ಹಳೆಯ ವಿದ್ಯಾರ್ಥಿಗಳದೊಂದು, ಊರಿನದೊಂದು. ಮಕ್ಕಳೆಲ್ಲ ಪಟ್ಟಣ ಸೇರಿ ಗಂಡ ಹೆಂಡಿರಿಬ್ಬರೇ ಉಳಿದ ಆ ಮನೆಯಲ್ಲಿ ಫೋನಿನ ಸದ್ದೇ ಜನರ ಸದ್ದಾಯಿತು. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಒಂಟಿತನಕ್ಕೆ ಅದೂ ಒಂದು ಮದ್ದೇ.

2018ರ ಮೇ ತಿಂಗಳ ಮೊದಲಲ್ಲಿ ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಒಂದು ವಿಡಿಯೋ ಬಂದಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದರ ಕೆಳಗೆ, ಮಕ್ಕಳ ಕಳ್ಳರು ನಮ್ಮ ಕಡೆಗೂ ಬಂದಿದ್ದಾರೆ, ಅಪರಿಚಿತರು ಕಂಡರೆ ಬಿಡಬೇಡಿ ಎಂಬ ಎಚ್ಚರಿಕೆ. ಕಳಿಸಿದವನು ಒಳ್ಳೆಯ ಹುದ್ದೆಯಲ್ಲಿದ್ದ ನೆಚ್ಚಿನ ಶಿಷ್ಯ. ಮೇಷ್ಟ್ರು ಎರಡನೆಯ ಸಲ ಓದಲಿಲ್ಲ. ಊರಿನ ಮಕ್ಕಳ ಹಿತಕ್ಕೆಂದೇ ಉಳಿದ ಮೂರು ಗ್ರೂಪುಗಳಿಗೂ ಕಳಿಸಿ ಮಲಗಿದರು.

ವಾರ ಕಳೆದಿರಲಿಲ್ಲ. ಉದುರಿದ ಕೂದಲನ್ನು ಕೊಂಡು ಬದಲಿಗೆ ಪಿನ್ನು, ಸ್ಟೀಲ್ ಬಟ್ಟಲು ಕೊಡುವ ಹೆಂಗಸೊಬ್ಬಳು ಎಂದಿನಂತೆ ಓಣಿಗೆ ಬಂದಳು. ಅವಳ ಕೂಗಿಗೆ ಮಕ್ಕಳು ಸುತ್ತ ನೆರೆಯುವುದು ವಾಡಿಕೆ. ಆ ದಿನ ಇಬ್ಬರು ಹುಡುಗರು ಅವಳನ್ನು ತಡೆದು ಆಧಾರ್ ಕಾರ್ಡು ಕೇಳಿದರು. ಅವಳಲ್ಲಿ ಇರಲಿಲ್ಲ. ಚೀಲ ಸುರಿಸಿದರು. ಕೂದಲಿನ ಉಂಡೆಗಳು ಹೊರಬಿದ್ದಾಗ ಯಾರೋ ಏನೋ ಅಂದರು. ಅದನ್ನು ಇನ್ನೊಬ್ಬ ಜೋರಾಗಿ ಅಂದ. ಗಳಿಗೆಯೊಳಗೆ ಮೂವತ್ತು ನಲವತ್ತು ಜನ ಸೇರಿದರು. ಗದ್ದಲ ಕೇಳಿ ಹೊರಬಂದ ಮೇಷ್ಟ್ರ ಮಡದಿ ಗುಂಪಿನೊಳಗೆ ನುಗ್ಗಿ, "ಇವಳು ಆರು ವರ್ಷದಿಂದ ನಮ್ಮನೆಗೆ ಬರ್ತಾಳೆ, ಬಿಡ್ರಪ್ಪಾ" ಎಂದು ಅವಳ ಕೈ ಹಿಡಿದು ಜಗಲಿಗೆ ಕರೆತಂದರು. ನೀರು ಕುಡಿಯುವಾಗ ಆ ಹೆಂಗಸಿನ ಕೈಯಲ್ಲಿ ಲೋಟ ನಿಲ್ಲಲಿಲ್ಲ. ಮುಂದಿನ ಬಸ್ಸಿಗೆ ಹತ್ತಿಸಿ ಕಳಿಸಿದರು.

ಮೇಷ್ಟ್ರು ಹುಡುಗರನ್ನು ಗದರಿದಾಗ ಒಬ್ಬ ವಿನಯದಿಂದಲೇ ಹೇಳಿದ: "ನೀವೇ ಕಳಿಸಿದ್ರಲ್ಲ ಸಾರ್. ಬೇರೆ ಯಾರೋ ಆಗಿದ್ರೆ ನಾವು ನಂಬ್ತಿರಲಿಲ್ಲ."

ಅದೇ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಹಗ್ಗದಲ್ಲಿ ಕಟ್ಟಿ ಬಡಿದರು, ಅವನು ಸತ್ತ. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮತ್ತೊಂದು ಸಾವು. ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರೊಬ್ಬ ಗೆಳೆಯರೊಡನೆ ಆ ಕಡೆಗೆ ಬಂದಿದ್ದ. ಜೊತೆಯವರು ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಮುನ್ನವೇ ಸುದ್ದಿ ವಾಟ್ಸಾಪಿನಲ್ಲಿ ತಲುಪಿತ್ತು. ದಾರಿ ಕಟ್ಟಿದರು, ಕಾರು ಉರುಳಿತು, ಜನ ಮುಗಿಬಿದ್ದರು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಆ ವರ್ಷ ದೇಶದಲ್ಲೆಲ್ಲ ಹರಿದಾಡಿದ ಬೈಕಿನ ವಿಡಿಯೋ, ಮಕ್ಕಳ ಸುರಕ್ಷತೆಯ ಅರಿವಿಗಾಗಿ ಕರಾಚಿಯಲ್ಲಿ ತಯಾರಾದ ಕಿರುಚಿತ್ರದ ತುಣುಕೆಂದು ಪತ್ರಿಕೆಗಳು ಬಯಲುಮಾಡಿದವು. ಮಗುವನ್ನು ಮರಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇಷ್ಟ್ರು ಕಳಿಸಿದ್ದೂ ಅದನ್ನೇ.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕಾಲೇಜು ಮುಚ್ಚಿ ಸಮಾಜಶಾಸ್ತ್ರ ಓದುತ್ತಿದ್ದ ಮೊಮ್ಮಗ ಊರಿಗೆ ಬಂದ. ಸಂಜೆ ಜಗಲಿಯಲ್ಲಿ ಅಜ್ಜನಿಗೆ ತನ್ನ ಪಠ್ಯದ ಸಂಶೋಧನೆಗಳನ್ನು ಓದಿ ಹೇಳುತ್ತಿದ್ದ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಮೂರೂವರೆ ಲಕ್ಷಕ್ಕೂ ಮಿಕ್ಕ ಹದಿಹರೆಯದವರ ಮಾಹಿತಿಯನ್ನು ಜಾಲಾಡಿ, ಅವರ ಕ್ಷೇಮದಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇಕಡಾ 0.4 ಎಂದು ಹೇಳಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞರು 2018ರಲ್ಲಿ ಕೆಲವರಿಂದ ನಾಲ್ಕು ವಾರ ಫೇಸ್‌ಬುಕ್ ಬಿಡಿಸಿ ನೋಡಿದಾಗ, ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ನೆಮ್ಮದಿ ತುಸುವೇ ಹೆಚ್ಚಿತು. "ನೋಡಜ್ಜ, ಸರಾಸರಿಯಲ್ಲಿ ಅಂಥ ದೊಡ್ಡ ಕೇಡೇನಿಲ್ಲ" ಎಂದ ಹುಡುಗ.

ಮೇಷ್ಟ್ರು ಗಣಿತ ಕಲಿಸಿದವರು. "ಸರಾಸರಿಯಲ್ಲಿ ಮುರ್ಕಿ ಎಲ್ಲಿ ಬರ್ತದಪ್ಪಾ?" ಎಂದು ಕೇಳಿದರು.

ಅದಕ್ಕೆ ಹತ್ತಿರದ ಉತ್ತರ ಮತ್ತೊಂದು ವರದಿಯಲ್ಲಿತ್ತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬನಾಜಿ ಮತ್ತು ರಾಮ್ ಭಟ್ ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳಲ್ಲಿ ಜನರನ್ನು ಮಾತಾಡಿಸಿ, 2019ರಲ್ಲಿ ಪ್ರಕಟಿಸಿದ ವರದಿ ಅದು. ಹಣ ಕೊಟ್ಟದ್ದು ವಾಟ್ಸಾಪ್ ಕಂಪನಿಯೇ ಎಂಬುದು ಸ್ವಾರಸ್ಯ. ಫೋನಿನ ಅರಿವಿಲ್ಲದ ಅಮಾಯಕರು ಸುಳ್ಳು ಹರಡುತ್ತಾರೆಂಬ ಸಾಮಾನ್ಯ ಮಾತನ್ನು ಅವರು ಒಪ್ಪುವುದಿಲ್ಲ. ಜನ ಸುದ್ದಿಯನ್ನು ನಂಬುವುದು ಕಳಿಸಿದವರ ಮೇಲಿನ ವಿಶ್ವಾಸದಿಂದ. ಅದಕ್ಕೂ ಮಿಗಿಲಾಗಿ, ಪರಕೀಯರ, ಬಡವರ, ಬೇರೆ ಸಮುದಾಯದವರ ಬಗ್ಗೆ ಮನಸ್ಸಿನಲ್ಲಿ ಮೊದಲೇ ಇದ್ದ ಪೂರ್ವಗ್ರಹದಿಂದ. ಮೊಮ್ಮಗ ಇಷ್ಟು ಓದಿ ಮುಗಿಸಿದಾಗ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಕೂದಲಿನ ಹೆಂಗಸಿನ ಬದಲು ಪ್ಯಾಂಟು ಶರ್ಟಿನ ಬ್ಯಾಂಕಿನವರು ಬಂದಿದ್ದರೆ ಯಾರಾದರೂ ಚೀಲ ಸುರಿಸುತ್ತಿದ್ದರೆ?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳು ಶ್ರಾವಕರಿಗೆ ಹೊಸವಲ್ಲ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು, ಮೂರಕ್ಕೂ ಲೆಕ್ಕವಿದೆ. ಫಾರ್ವರ್ಡ್ ಒತ್ತುವ ಬೆರಳು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆಂಬುದನ್ನು ಸ್ವಾಧ್ಯಾಯದಲ್ಲಿ ಒಮ್ಮೆ ಚರ್ಚೆಗೆ ತೆಗೆದುಕೊಳ್ಳಬಹುದು. ಕಂಪನಿಯೇನೋ 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಪದೇ ಪದೇ ದಾಟಿ ಬಂದ ಸಂದೇಶಕ್ಕೆ 2020ರಲ್ಲಿ ಒಂದೇ ಕಡೆ ಎಂದಿತು. ಮೇಷ್ಟ್ರು ಕಳಿಸಿದ್ದು ಮೂರೇ ಕಡೆಗೆ.

ಅವರು ಫೋನನ್ನು ಬಿಟ್ಟಿಲ್ಲ. ನೆಂಟರ ಸುಖದುಃಖ ಅದರಲ್ಲೇ ತಿಳಿಯಬೇಕು. 2018ರಲ್ಲೇ, ಮುರ್ಕಿಯ ಸುದ್ದಿ ಓದಿದ ದಿನ, ಊರಿನ ಗ್ರೂಪಿನಲ್ಲಿ ತಮ್ಮ ಹೆಸರು ಹಾಕಿ, ತಾವು ಕಳಿಸಿದ ವಿಡಿಯೋ ಸುಳ್ಳೆಂದೂ ತಪ್ಪು ತಮ್ಮದೆಂದೂ ಬರೆದಿದ್ದರು. ವಿಡಿಯೋಗೆ ಬಂದಿದ್ದ ಉತ್ತರಗಳು ಹಲವು. ಇದಕ್ಕೆ ಬಂದವು ಎರಡು. ಅದರಲ್ಲಿ ಒಂದು ಶುಭರಾತ್ರಿ.

ಮೇಷ್ಟ್ರ ಮಡದಿ ತಲೆ ಬಾಚಿದಾಗಲೆಲ್ಲ ಉದುರಿದ ಕೂದಲನ್ನು ಸುತ್ತಿ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಈಗಲೂ ತುಂಬಿಡುತ್ತಾರೆ. ಬಾಟಲಿ ಎರಡಾಗಿವೆ. ಆ ಹೆಂಗಸು ಮತ್ತೆ ಕೊಕ್ಕನೂರಿಗೆ ಬಂದಿಲ್ಲ.