ಕಕ್ಕಬ್ಬೆಯ ಕೋವಿ

ಕೊಡಗನ್ನು ಕಣ್ಣಾರೆ ಕಾಣಬೇಕೆಂಬ ಬಹುದಿನದ ಆಸೆ ಕಳೆದ ವರ್ಷ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಕೈಗೂಡಿತು. ನನ್ನೊಡನೆ ಬಹುಕಾಲ ಅಧ್ಯಾಪಕರಾಗಿದ್ದ ಕೊಡವ ಮಿತ್ರರೊಬ್ಬರು, ‘ಕೈಲ್ ಪೊಳ್ದ್ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬನ್ನಿ, ಹಬ್ಬದ ಸಿದ್ಧತೆಯನ್ನೂ ನೋಡಬಹುದು’ ಎಂದು ಆಹ್ವಾನಿಸಿದ್ದರು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮಾರ್ಗವಾಗಿ ಮಡಿಕೇರಿಯನ್ನು ಸೇರಿ, ಅಲ್ಲಿಂದ ನಾಪೋಕ್ಲು ದಾಟಿ ಕಕ್ಕಬ್ಬೆಯನ್ನು ತಲುಪಿದಾಗ ಮಳೆ ಆಗತಾನೇ ಬಿಡುವು ಕೊಟ್ಟಿತ್ತು. ಎದುರಿಗೆ ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ ಮೋಡದ ಶಾಲು ಹೊದ್ದು ಕುಳಿತಿತ್ತು.

ಆ ಬೆಟ್ಟದ ತಪ್ಪಲಲ್ಲೇ ನಾಲ್ಕುನಾಡು ಅರಮನೆ ಇದೆ. ಕೊಡಗನ್ನಾಳಿದ ಹಾಲೇರಿ ವಂಶದವರು ಲಿಂಗವಂತ ಅರಸರೆಂಬುದನ್ನು ನಮ್ಮ ಓದುಗರು ಬಲ್ಲರು. ಆ ವಂಶದ ದೊಡ್ಡವೀರರಾಜೇಂದ್ರನು 1792ರಿಂದ 1794ರ ಅವಧಿಯಲ್ಲಿ ಇದನ್ನು ಕಟ್ಟಿಸಿದನು. 1834ರಲ್ಲಿ ಕೊನೆಯ ಅರಸು ಚಿಕ್ಕವೀರರಾಜೇಂದ್ರನು ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದದ್ದೂ ಇಲ್ಲಿಯೇ. ಆಡಂಬರವಿಲ್ಲದ ಆ ಮನೆಯ ಕೆತ್ತನೆಯ ಮರದ ಕಂಬಗಳನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆ. ಅದನ್ನು ನೋಡಿ ಬಂದ ಕಣ್ಣಿಗೆ ಮಿತ್ರರ ಐನ್‌ಮನೆಯ ಜಗಲಿಯಲ್ಲಿ ಇನ್ನೊಂದು ಮರಗೆಲಸ ಕಾದಿತ್ತು.

ಕೈಲ್ ಪೊಳ್ದ್ ಎಂದರೆ ಆಯುಧಗಳ ಹಬ್ಬ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ, ಮನೆಯ ಕೋವಿ ಕತ್ತಿಗಳನ್ನು ದೇವರ ಕೋಣೆಯಲ್ಲಿಟ್ಟು, ತೋಕ್‌ಪೂ ಎಂದು ಅವರು ಕರೆಯುವ ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಹಿಂದೆ ಪೂಜೆಯ ನಂತರ ಬೇಟೆಗೆ ಹೋಗುತ್ತಿದ್ದರು. ಈಗ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಅಹಿಂಸೆಯೇ ಮನೆಯ ಧರ್ಮವೆಂದು ಬೆಳೆದ ನನಗೆ, ದೇವರ ದೀಪದ ಮುಂದೆ ಕೋವಿಯನ್ನಿಡುವ ಪದ್ಧತಿ ಮೊದಲಿಗೆ ತುಸು ಅಳುಕನ್ನೇ ತಂದಿತೆಂದು ಮುಚ್ಚಿಡದೆ ಹೇಳುತ್ತೇನೆ.

ಜಗಲಿಯ ಚಾಪೆಯ ಮೇಲೆ ಮಲಗಿದ್ದುದು ಮಿತ್ರರ ತಂದೆಯವರ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಕರಿಮದ್ದು, ಚರೆಗಳನ್ನು ಸುರಿದು, ಗಜದಿಂದ ಗಿಡಿದು, ಕೇಪಿಟ್ಟು ಹೊಡೆಯುವ ಹಳೆಯ ಬಗೆಯದು. ಭುಜಕ್ಕೂ ಕೆನ್ನೆಗೂ ಒತ್ತಿ ಹಿಡಿಯುವ ಅದರ ಅಕ್ರೋಟದ ಮರವು ಹೊಗೆ, ಬೆವರು, ಹಳೆಯ ಎಣ್ಣೆಗಳಿಂದ ಕಪ್ಪುಗಟ್ಟಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಿತ್ರರ ಮಗನು ಈ ಹಬ್ಬಕ್ಕೆ ಅಜ್ಜನ ಕೋವಿ ಹೊಸದರಂತೆ ಹೊಳೆಯಬೇಕೆಂದು ಉಜ್ಜುಕಾಗದವನ್ನೂ ಒಂದು ಡಬ್ಬಿ ಹೊಳಪಿನ ವಾರ್ನಿಷನ್ನೂ ತಂದಿದ್ದನು. ಅವನು ಕಾಗದವನ್ನು ಮರಕ್ಕೆ ತಾಗಿಸುವಷ್ಟರಲ್ಲಿ ಒಳಗಿನಿಂದ ಎಂಬತ್ತು ದಾಟಿದ ಅವನ ಅಜ್ಜಿ ಹೊರಬಂದರು.

‘ಕುಂಞಿ, ನಿಲ್ಲು’ ಎಂದರು. ಕೊಡವ ಹಿರಿಯರು ಮಕ್ಕಳನ್ನು ಅಕ್ಕರೆಯಿಂದ ಕರೆಯುವ ಪರಿ ಅದು. ಹತ್ತಿರ ಕುಳಿತು, ಮರದ ಒಂದು ಅಂಚಿನ ಮೇಲೆ ಬೆರಳಾಡಿಸಿದರು. ಅಲ್ಲಿ ಸಾಲಾಗಿ ನಾಲ್ಕು ಸಣ್ಣ ಗೀರುಗಳಿದ್ದವು. ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸುವುದು ಅವರ ಸಂಪ್ರದಾಯ. ಜನನದ ಗುಂಡು ಹಾರಿಸಿದಾಗಲೆಲ್ಲ ಅವರ ಯಜಮಾನರು ಪೀಚೆಕತ್ತಿಯ ಮೊನೆಯಿಂದ ಒಂದೊಂದು ಗೀರು ಹಾಕಿದ್ದರಂತೆ. ‘ಮೂರು ನಿನ್ನ ಅಪ್ಪನದು, ಅವನ ಅಣ್ಣತಮ್ಮಂದಿರದು. ನಾಲ್ಕನೆಯದು ನಿನ್ನದು.’ ಹುಡುಗ ಮಾತಾಡಲಿಲ್ಲ. ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡನು.

ಮರುದಿನ ವೃದ್ಧ ಆಚಾರಿಯೊಬ್ಬರನ್ನು ಕರೆಸಲಾಯಿತು. ಅವರು ಮೊದಲು ಮರವನ್ನು ಮುಟ್ಟಲಿಲ್ಲ. ಗಜವನ್ನು ನಳಿಗೆಯೊಳಗೆ ತಳದವರೆಗೆ ಇಳಿಸಿ, ಬಾಯಿಯ ಬಳಿ ಗುರುತು ಮಾಡಿ, ಹೊರಗೆ ಅಳೆದು ನೋಡಿದರು. ಅಳತೆ ಕಡಿಮೆ ಬಂದರೆ ಒಳಗೆ ಹಳೆಯ ಮದ್ದು ಉಳಿದಿದೆಯೆಂದು ಅರ್ಥ. ಎಷ್ಟೋ ವರ್ಷ ಮೂಲೆಯಲ್ಲಿ ನಿಂತ ಕೋವಿಯೂ ಸಿಡಿದೀತು. ನಳಿಗೆ ಬರಿದಾಗಿತ್ತು. ಆಮೇಲೆಯೇ ಕೀಲು ತೆಗೆದು ಕಬ್ಬಿಣವನ್ನೂ ಮರವನ್ನೂ ಬೇರ್ಪಡಿಸಿದರು.

ಕೊಳೆಯನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿದರು. ‘ಉಜ್ಜುಕಾಗದ ಯಾಕೆ ಬೇಡ?’ ಎಂದು ಹುಡುಗ ಕೇಳಿದ. ‘ಮರ ಕಬ್ಬಿಣದ ಸಮಕ್ಕೆ ಕೂತಿದೆ. ಉಜ್ಜಿದರೆ ಮರ ತಗ್ಗುತ್ತದೆ, ಕಬ್ಬಿಣ ತಗ್ಗುವುದಿಲ್ಲ. ಮತ್ತೆ ಅದನ್ನು ಬೆಳೆಸುವವರು ಯಾರು?’ ಎಂದರು ಆಚಾರಿ. ಬಿದ್ದು ಜಜ್ಜಿದ ಕಡೆ ಒದ್ದೆಬಟ್ಟೆ ಹಾಸಿ ಕಾದ ಇಸ್ತ್ರಿಯನ್ನು ಕ್ಷಣಕಾಲ ಒತ್ತಿದರು. ಆವಿ ಕುಡಿದು ನಾರು ಉಬ್ಬಿ, ತಗ್ಗು ನಮ್ಮ ಕಣ್ಣೆದುರಿಗೇ ಮೇಲೆದ್ದಿತು. ಕತ್ತಿಯ ಗೀರುಗಳು ಮಾತ್ರ ಏಳಲಿಲ್ಲ. ಒತ್ತಿದ ನಾರು ಚೇತರಿಸುತ್ತದೆ, ಕಡಿದ ನಾರು ಕೂಡುವುದಿಲ್ಲ. ಅಜ್ಜಿಗೆ ಬೇಕಾದದ್ದೂ ಅದೇ ಆಗಿತ್ತು.

ಕೊನೆಯದು ಅಗಸೆ ಎಣ್ಣೆಯ ಲೇಪ. ನಮ್ಮ ಕಡೆ ಚಟ್ನಿಪುಡಿಗೆ ಹಾಕುವ ಅದೇ ಅಗಸೆ! ಕುದಿಸಿದ ಎಣ್ಣೆಯ ನಾಲ್ಕಾರು ಹನಿಗಳನ್ನು ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕಿ, ಮಿಕ್ಕದ್ದನ್ನು ಒರೆಸಿಬಿಟ್ಟರು. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಅಂಟು ಉಳಿಯುತ್ತದೆ. ಹೀಗಾಗಿ ದಿನಕ್ಕೊಂದೇ ತೆಳುವಾದ ಲೇಪ. ಮಳೆಗಾಲದಲ್ಲಿ ಇನ್ನೂ ತಾಳ್ಮೆ ಬೇಕು. ಎಣ್ಣೆಯ ಬಟ್ಟೆಯನ್ನು ಅವರು ಮುದ್ದೆ ಮಾಡಿ ಎಸೆಯದೆ ನೀರಿನಲ್ಲಿ ಮುಳುಗಿಸಿಟ್ಟರು. ಗಟ್ಟಿಯಾಗುವಾಗ ಕಾವೇರಿ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಮನೆಯಲ್ಲಿ ಬಾಗಿಲು ಕಿಟಕಿಗಳಿಗೆ ಈ ಎಣ್ಣೆ ಬಳಿಯುವವರೆಲ್ಲ ಇದನ್ನು ನೆನಪಿಡಬೇಕು.

ಹಬ್ಬದ ಬೆಳಿಗ್ಗೆ ಹೂವಿನ ನಡುವೆ ನಿಂತಿದ್ದ ಕೋವಿ ಹೊಸದರಂತೆ ಹೊಳೆಯುತ್ತಿರಲಿಲ್ಲ. ಜೇನಿನ ಬಣ್ಣದಲ್ಲಿ ಮೃದುವಾಗಿ ಬೆಳಗುತ್ತಿತ್ತು. ಹುಡುಗ ಕೈಮುಗಿದು, ನಾಲ್ಕನೆಯ ಗೀರನ್ನು ಒಮ್ಮೆ ಮುಟ್ಟಿದ್ದನ್ನು ನಾನು ನೋಡಿದೆ. ನನ್ನ ಅಳುಕು ಅಲ್ಲಿಗೆ ಕರಗಿತು.

ಆದರೆ ನನ್ನೊಳಗೆ ಬೇರೊಂದು ನೋವು ಎದ್ದಿತ್ತು. ಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಾಗುವಾನಿಯ ಕಂಬವೊಂದಿದೆ. ಪ್ರತಿ ಯುಗಾದಿಗೆ ಅಪ್ಪ ನಮ್ಮನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಕುಡುಗೋಲಿನಿಂದ ಗೀರು ಹಾಕುತ್ತಿದ್ದರು. ಮಗನ ಮದುವೆಯ ಸಂಭ್ರಮದಲ್ಲಿ ನಾನೇ ಆ ಗೀರುಗಳಿಗೆಲ್ಲ ಲಾಂಬಿ ತುಂಬಿಸಿ, ಕಂಬಕ್ಕೆ ಹಸಿರು ಎನಾಮಲ್ ಬಣ್ಣ ಬಳಿಸಿದ್ದೆ. ಮನೆ ಚೆಂದ ಕಾಣಲೆಂಬುದಷ್ಟೇ ಆಗ ನನ್ನ ಯೋಚನೆ. ಅಪ್ಪ ಅದನ್ನು ನೋಡಿದರು, ಏನೂ ಅನ್ನಲಿಲ್ಲ.

ಊರಿಗೆ ಮರಳಿದ ಮೇಲೆ ಗಾಜಿನ ಚೂರೊಂದನ್ನು ಹಿಡಿದು ಆ ಕಂಬದ ಮುಂದೆ ಕುಳಿತೆ. ಮೂರನೆಯ ದಿನ, ನೆಲದಿಂದ ಎರಡೂವರೆ ಅಡಿಯ ಎತ್ತರದಲ್ಲಿ, ಬಣ್ಣದ ಅಡಿಯಿಂದ ಒಂದು ಗೀರು ಕಾಣಿಸಿತು. ಅದು ನನ್ನದೋ ನನ್ನ ತಂಗಿಯದೋ ತಿಳಿಯದು. ಹೇಳಬಲ್ಲ ಅಪ್ಪ ಈಗಿಲ್ಲ. ಅದಕ್ಕೆ ಎರಡು ಹನಿ ಅಗಸೆ ಎಣ್ಣೆ ತಿಕ್ಕಿದೆ. ಬರುವ ಯುಗಾದಿಗೆ ಮೊಮ್ಮಕ್ಕಳು ಊರಿಗೆ ಬರುತ್ತಾರೆ. ಅವರನ್ನು ಆ ಕಂಬಕ್ಕೆ ಒರಗಿಸಿ ನಿಲ್ಲಿಸಬೇಕೆಂದಿದ್ದೇನೆ.