ಕುಂಬು ಮರದ ಮುಂದೆ ಒಂದು ಬೆಳಗು

ಕೊಡಗು ನೋಡಲು ಬರುವವರ ಪಟ್ಟಿಯಲ್ಲಿ ಮಡಿಕೇರಿ ಇರುತ್ತದೆ, ತಲಕಾವೇರಿ ಇರುತ್ತದೆ, ದುಬಾರೆ ಇರುತ್ತದೆ. ಕೊಡ್ಲಿಪೇಟೆಯ ಹೆಸರು ಇರುವುದಿಲ್ಲ. ಜಿಲ್ಲೆಯ ಉತ್ತರದ ತುದಿಯಲ್ಲಿರುವ ಈ ಪುಟ್ಟ ಪೇಟೆಯನ್ನು ದಾಟಿದರೆ ಹಾಸನ ಜಿಲ್ಲೆ. ನನಗೆ ಮಾತ್ರ ಅದು ತವರು. ಕಳೆದ ಅಕ್ಟೋಬರ್ ರಜೆಯಲ್ಲಿ ಮಗಳೊಂದಿಗೆ ಬಸ್ಸಿಳಿದಾಗ ಮಳೆ ಆಗಷ್ಟೇ ಬಿಟ್ಟಿತ್ತು.

ಅಬ್ಬಾಗೆ ಈಗ ಎಂಬತ್ತು ದಾಟಿದೆ. ಯೌವನವಿಡೀ ಮರದ ಮಿಲ್ಲಿನಲ್ಲಿ ದುಡಿದವರು. ದಿಮ್ಮಿಗೆ ಕೊಡಲಿಯ ಹಿಂಬದಿಯಿಂದ ಎರಡೇಟು ಹಾಕಿ, ಸದ್ದು ಕೇಳಿಯೇ ಒಳಗೆ ಗಟ್ಟಿಯೋ ಪೊಳ್ಳೋ ಎಂದು ಹೇಳುತ್ತಿದ್ದರು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಜಗಲಿಯ ಕುರ್ಚಿಯೇ ಅವರ ಲೋಕ. "ನಾನೀಗ ಕುಂಬು ಮರ ಮಗಳೇ, ಸೌದೆಗೂ ಬರುವುದಿಲ್ಲ" ಎಂದರು. ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಕಾಡು ನೋಡಬೇಕೆಂದು ಹಠ ಹಿಡಿದಳು. ತಮ್ಮನ ಪರಿಚಯದವರ ಕಾಫಿ ತೋಟ ಮುಗಿದು ಕಾಡು ಶುರುವಾಗುವಲ್ಲಿ, ಗಾಳಿಗೆ ಬಿದ್ದು ಎಷ್ಟೋ ವರ್ಷಗಳಾದ ಮರವೊಂದಿತ್ತು. ಹೂವು, ಹಕ್ಕಿ ಬಿಟ್ಟು ಅವಳು ಅದರ ಮುಂದೆಯೇ ಮಂಡಿಯೂರಿದಳು. ಮೊಬೈಲಿಗೆ ಸಿಕ್ಕಿಸುವ ಚಿಕ್ಕದೊಂದು ಮಸೂರವಿತ್ತು. ಮರಕ್ಕೆ ನಾಲ್ಕು ಬೆರಳಿನಷ್ಟು ಹತ್ತಿರ ಹೋಗಿ, ಉಸಿರು ಬಿಗಿಹಿಡಿದು ಚಿತ್ರ ತೆಗೆಯತೊಡಗಿದಳು.

"ಇಡೀ ಮರ ಕಾಣಬಾರದಮ್ಮಾ. ಅಂಚು, ಎಲೆ, ಆಕಾಶ ಯಾವುದೂ ಬರಬಾರದು. ಆಗ ನೋಡಿದವರಿಗೆ ಇದು ಏನೆಂದು ತಿಳಿಯುವುದಿಲ್ಲ, ಬರೀ ಬಣ್ಣ ಮತ್ತು ಗೆರೆ ಕಾಣುತ್ತದೆ" ಎಂದಳು. ಮೋಡದ ಬೆಳಕೇ ಇದಕ್ಕೆ ಒಳ್ಳೆಯದಂತೆ, ಬಿಸಿಲಿದ್ದರೆ ನೆರಳು ಗಾಢವಾಗಿ ಸೂಕ್ಷ್ಮಗಳು ಅಡಗಿಬಿಡುತ್ತವೆ. ಒದ್ದೆ ಮರದ ಬಣ್ಣವೂ ಹೆಚ್ಚು ತುಂಬಿಕೊಂಡಿರುತ್ತದೆ.

ಇದು ಇಂದಿನ ಮಕ್ಕಳ ಹೊಸ ಹುಚ್ಚೇನಲ್ಲ. ಅಮೆರಿಕದ ಎಡ್ವರ್ಡ್ ವೆಸ್ಟನ್ 1929ರಲ್ಲೇ ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಸೈಪ್ರೆಸ್ ಮರಗಳ ಕಾಂಡ, ಬೇರುಗಳನ್ನು ಹೀಗೆ ಹತ್ತಿರದಿಂದ ಕಪ್ಪು ಬಿಳುಪಿನಲ್ಲಿ ಸೆರೆಹಿಡಿದಿದ್ದರು.

ನಾನೂ ಬಗ್ಗಿ ನೋಡಿದೆ. ಮರದ ಮೈಮೇಲೆ ಶಾಯಿಯಿಂದ ಬರೆದಂತಹ ಕಪ್ಪು ಗೆರೆಗಳಿದ್ದವು. ಬೇರೆ ಬೇರೆ ಶಿಲೀಂಧ್ರಗಳು ಒಂದೇ ಮರದಲ್ಲಿ ಎದುರಾದಾಗ ತಂತಮ್ಮ ಪಾಲಿನ ಸುತ್ತ ಕಟ್ಟಿಕೊಳ್ಳುವ ಬೇಲಿಗಳಿವು. ಹೊರಗೆ ಕಾಣುವ ಅಣಬೆ ಅವುಗಳ ಫಲ ಮಾತ್ರ, ನಿಜವಾದ ಕೆಲಸ ಒಳಗೆ ಹರಡಿದ ನೂಲಿನೆಳೆಗಳದ್ದು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶವನ್ನು ಪೂರ್ತಿಯಾಗಿ ಕರಗಿಸುವ ಶಕ್ತಿ ಕೆಲವು ಶಿಲೀಂಧ್ರಗಳಿಗೆ ಇದೆ. ಅವು ಆ ಕೆಲಸ ಮಾಡಿದ ಕಡೆ ಮರ ಬೆಳ್ಳಗೆ, ಹತ್ತಿಯ ಹಾಗೆ ಮೃದುವಾಗಿತ್ತು. ಅದರ ಬಿರುಕಿನಲ್ಲೇ ಒಂದು ಸಸಿ ಬೇರು ಬಿಟ್ಟಿತ್ತು.

ಬಿದ್ದ ಮರವೂ ಕಾಡಿನದ್ದೇ ಆಸ್ತಿ ಎಂಬುದನ್ನು ನ್ಯಾಯಾಲಯವೂ ಗುರುತಿಸಿದೆ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲಿ ಆದೇಶಿಸಿತು. ನಮ್ಮ ಸೋಮವಾರಪೇಟೆ ತಾಲೂಕಿನ ಪುಷ್ಪಗಿರಿಯೂ ಅಂತಹ ವನ್ಯಜೀವಿಧಾಮವೇ.

ಮರದ ಇನ್ನೊಂದು ತುದಿಯಲ್ಲಿ ಗೆದ್ದಲಿನ ಮಣ್ಣು ಮೆತ್ತಿತ್ತು. ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುವ ಸುಲೈಮಾನ್ (ಅ)ರ ಊರುಗೋಲು ನೆನಪಾಯಿತು. ಅವರು ಕೋಲಿಗೆ ಒರಗಿದ್ದಂತೆಯೇ ಮರಣ ಹೊಂದಿದ್ದರೂ ಜಿನ್ನ್‌ಗಳಿಗೆ ಅದು ತಿಳಿಯಲಿಲ್ಲ. ಪುಟ್ಟದೊಂದು ಹುಳು ಕೋಲನ್ನು ತಿಂದು, ಅವರ ದೇಹ ಬಿದ್ದಾಗಲೇ ಸತ್ಯ ಹೊರಬಂದದ್ದು. ಎಷ್ಟೋ ಬಾರಿ ಈ ಪಾಠ ಮಾಡಿದ್ದೇನೆ. ಹುಳುವಿನ ಕೆಲಸವನ್ನು ಕಣ್ಣಿಟ್ಟು ನೋಡಿದ್ದು ಅಂದೇ ಮೊದಲು.

ಸಂಜೆ ಮಗಳು ಚಿತ್ರಗಳನ್ನು ದೊಡ್ಡದು ಮಾಡಿ ಅಬ್ಬಾನ ಮುಂದೆ ಹಿಡಿದಳು. "ಇದೇನು ಹೇಳಿ ನೋಡೋಣ ಅಜ್ಜಾ?" ತಮ್ಮನ ಹೆಂಡತಿ ನದಿಯೆಂದಳು. ನಾನಂತೂ ಗೊತ್ತಿದ್ದೂ ವಿಮಾನದಿಂದ ಕಂಡ ಮರಳುಗಾಡೆಂದೆ. ಅಬ್ಬಾ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಹಲಸು" ಎಂದರು. "ಹೊರಗಿನ ಬಿಳಿ ಮರ ಪೂರಾ ಹೋಗಿದೆ. ಈ ಹಳದಿ ಇದೆಯಲ್ಲ, ಅದು ಚೇಗು. ಇನ್ನೂ ಗಟ್ಟಿ ಇದೆ."

ಮಗಳು ನನ್ನ ಮುಖ ನೋಡಿದಳು. ಅದು ಯಾವ ಮರವೆಂದು ನಮ್ಮಿಬ್ಬರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಓದುಗ ಸಹೋದರಿಯರೇ, ಇದಕ್ಕಾಗಿ ಕೊಡಗಿಗೇ ಬರಬೇಕೆಂದಿಲ್ಲ. ಬಚ್ಚಲು ಮನೆಯ ಹಿಂದೆ ಮಳೆಗೆ ನೆನೆದು ಉಳಿದ ಸೌದೆ ಕೊರಡೊಂದಿದ್ದರೆ ಒಲೆಗೆ ಹಾಕುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಮನೆಯ ಹಿರಿಯರನ್ನೂ ಕರೆದು ತೋರಿಸಿ.

ಅಂದು ರಾತ್ರಿ ಊಟವಾದ ಮೇಲೆ ಅಬ್ಬಾ ಮೊಮ್ಮಗಳನ್ನು ಹತ್ತಿರ ಕರೆದರು. "ನಾಳೆ ಬುಡದ ಕಡೆ ಹೋಗು. ಗಂಟು ಇರುವಲ್ಲಿ ನೋಡು, ಗೆರೆ ಸುತ್ತಿಕೊಂಡಿರುತ್ತದೆ. ತೆಗೆದುಕೊಂಡು ಬಾ, ನಾನು ಹೇಳುತ್ತೇನೆ."